ಗೋಲಿನಲ್ಲಿ ನಿಂತ ಅಜ್ಜೆರ್

ಬಿಸಿಯಾದ ಪ್ಲಾಸ್ಟಿಕ್, ಸುಟ್ಟ ಧೂಳು, ಅವುಗಳ ಅಡಿಯಲ್ಲಿ ಎಲ್ಲೋ ಸಣ್ಣಗೆ ಡಾಂಬರು ಗುಳಿಗೆ. ಇವೆಲ್ಲ ಸೇರಿದ ಒಂದು ವಾಸನೆ ಉಂಟು. ಕಳೆದ ತಿಂಗಳು ಮಿಜಾರಿನಲ್ಲಿ ಗೆಳೆಯನೊಬ್ಬನ ರೂಮಿಗೆ ಹೋಗಿದ್ದಾಗ, ಅವನು ಯಾರದ್ದೋ ಅಟ್ಟದಿಂದ ಇಳಿಸಿ ತಂದ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದ. ಪೆಟ್ಟಿಗೆ ಗುಂಯ್ ಎಂದು ಬಿಸಿಯಾಗುತ್ತಿದ್ದ ಹಾಗೆ ಅದೇ ವಾಸನೆ ಎದ್ದು ಬಂತು. ಉಳಿದವರೆಲ್ಲ ರಿಮೋಟಿಗಾಗಿ ಎಳೆದಾಡುತ್ತಿದ್ದರು. ನಾನೊಬ್ಬ ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲದ ಸಂಗತಿಯಾದ್ದರಿಂದ ಗೆಳೆಯ ಗಾಬರಿಯಾಗಿ ನೀರು ತಂದುಕೊಟ್ಟ. ನಿಮಗೂ ಇಂಥ ಒಂದು ವಾಸನೆ ಇರಬಹುದು. ಒಳ್ಳೆಯದೇನಲ್ಲ, ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆದರೆ ಅದು ಮೂಗಿಗೆ ತಾಗಿದ ಕೂಡಲೇ ಈಗ ಇಲ್ಲದ ಒಂದು ಮನೆಯ ಬಾಗಿಲು ತೆರೆಯುತ್ತದೆ.

ನಮ್ಮ ಆ ಮನೆ ಇದ್ದದ್ದು ಬಿ.ಸಿ.ರೋಡ್ ಎಂಬ ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ. ಬಾಡಿಗೆಯ ಮನೆ. ಚಾವಡಿ, ಕೋಣೆ, ಅಡುಗೆಮನೆ ಒಂದರ ಹಿಂದೊಂದು ಬಸ್ಸಿನ ಸೀಟುಗಳ ಹಾಗೆ ಸಾಲಾಗಿ ಇದ್ದವು. ಎದುರಿನ ಬಾಗಿಲಲ್ಲಿ ನಿಂತರೆ ಹಿಂದಿನ ಬಾಗಿಲಿನ ಬಾವಿಕಟ್ಟೆ ಕಾಣುತ್ತಿತ್ತು. ದಿನವಿಡೀ ಬಸ್ಸುಗಳ ಹಾರ್ನು, ಏಜೆಂಟರ ಕೂಗು. ನಾನು ಮಾತು ಕಲಿತದ್ದಕ್ಕಿಂತ ಮೊದಲು ಆ ಕೂಗುಗಳನ್ನು ಕಲಿತೆ ಎಂದು ಅಮ್ಮ ಹೇಳುತ್ತಿದ್ದರು. ಅಪ್ಪ ಮಸ್ಕತ್ತಿನಲ್ಲಿದ್ದರು, ನಮಗೆ ಅವರೆಂದರೆ ಶುಕ್ರವಾರದ ಫೋನು. ಅಮ್ಮ ಚಾವಡಿಯ ಗೋಡೆಗೆ ಒರಗಿ, ಮಡಿಲಲ್ಲಿ ಎಲೆ-ಹೊಗೆಸೊಪ್ಪಿನ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಕ್ಕ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ, ಲೋಕದಲ್ಲಿ ತನಗೆ ತಿಳಿಯದ್ದು ಇನ್ನೇನೂ ಉಳಿದಿಲ್ಲ ಎಂಬ ಮುಖದಲ್ಲಿ ಓಡಾಡುತ್ತಿದ್ದಳು. ನಾನು ಇವರೆಲ್ಲರ ಸ್ವರ ತೆಗೆದು, ಅಂದರೆ ನಕಲು ಮಾಡಿ, ಇವರಿಗೇ ಕೇಳಿಸಿ ಪೆಟ್ಟು ತಿನ್ನುತ್ತಿದ್ದೆ. ಮತ್ತು ಬಾಗಿಲ ಬಳಿ, ಗಾಳಿ ಬರುವ ಕಡೆ, ಪ್ಲಾಸ್ಟಿಕ್ ಹೆಣೆದ ಕುರ್ಚಿಯಲ್ಲಿ ಅಜ್ಜ, ಅಮ್ಮನ ಅಪ್ಪ.

ಅಜ್ಜ ಬೆಳ್ತಂಗಡಿ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಬೆಳಿಗ್ಗೆ ಚಾ ಕುಡಿಯುವಾಗ ಹೊರಗೆ ಅವರ ಹಳೆಯ ಟೈಮಿನ ಬಸ್ಸು ಹೊರಟರೆ ತಲೆ ಎತ್ತಿ ಕಿವಿಗೊಡುತ್ತಿದ್ದರು. "ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ" ಎಂದು ಅವರು ಒಂದೇ ಉಸಿರಿಗೆ ಹೇಳುತ್ತಿದ್ದದ್ದನ್ನು ನಾನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ, ಕೊನೆಗೆ ಬರುವ ಕೆಮ್ಮಿನ ಸಮೇತ. ಅಕ್ಕನ ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ಮಾತ್ರ ಕೆಮ್ಮನ್ನು ಬಿಟ್ಟಿದ್ದೆ. ಅಜ್ಜನ ಹೃದಯದ ವಾಲ್ವು ಸರಿಯಿಲ್ಲ, ಆಪರೇಷನ್ ಆಗಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಅಜ್ಜ ಒಪ್ಪಿಯೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಅಮ್ಮ ಕೇಳಿದಾಗಲೆಲ್ಲ "ನೋಡುವ" ಎನ್ನುತ್ತಿದ್ದರು. ಆ "ನೋಡುವ" ನಮ್ಮ ಮನೆಯ ಮಾಡಿನಿಂದ ನೇತಾಡುತ್ತಿತ್ತು. ಬಾವಿಕಟ್ಟೆಗೆ ಹೋದ ಅಜ್ಜ ಸ್ವಲ್ಪ ತಡ ಮಾಡಿದರೆ ಬೀಡಿಯ ಎಲೆ ಕತ್ತರಿಸುವ ಅಮ್ಮನ ಕತ್ತರಿ ನಿಲ್ಲುತ್ತಿತ್ತು. ಕತ್ತರಿ ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. (ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಎಲ್ಲರೂ ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗಿನ ಹಾಗೆ ಸ್ವಲ್ಪ ನೆಟ್ಟಗೆ ಕೂತು ಮಾತಾಡುತ್ತಾರೆ, ಸಹಿಸಿಕೊಳ್ಳಿ.)

ಆ ರಜೆಯಲ್ಲೇ ಮಾವ, ಅಂದರೆ ಅಮ್ಮನ ತಮ್ಮ, ಬೆಳ್ತಂಗಡಿಯ ಹಳೆ ಸಾಮಾನಿನ ಅಂಗಡಿಯಿಂದ ನನಗೊಂದು ವಿಡಿಯೋ ಗೇಮ್ ತಂದುಕೊಟ್ಟದ್ದು. ಜೊತೆಗೆ ಒಂದೇ ಒಂದು ಫುಟ್‌ಬಾಲ್ ಆಟದ ಸೀಡಿ, ಮತ್ತು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮೆಮೊರಿ ಕಾರ್ಡು. ಅದೆಲ್ಲ ಯಾರದ್ದೋ ಮನೆಯ ಕಪಾಟಿನಲ್ಲಿ ಬಟ್ಟೆಗಳ ನಡುವೆ ಇತ್ತೆಂದು ಕಾಣುತ್ತದೆ, ಗುಳಿಗೆಯ ವಾಸನೆ ಹಿಡಿದಿತ್ತು. ಹಾಕಿ ನೋಡಿದರೆ ಕಾರ್ಡಿನಲ್ಲಿ ಆಗಲೇ ಒಬ್ಬ ಆಡಿ ಇಟ್ಟ ಆಟ ಉಂಟು. ಹೆಸರು ಪಚ್ಚು. ತಂಡದ ಹೆಸರು ಬೆಳ್ತಂಗಡಿ. ಸೀಸನ್ ಪೂರ್ತಿ ಆಡಿ, ಕಟ್ಟಕಡೆಯ ಪಂದ್ಯವೊಂದನ್ನು ಉಳಿಸಿ ನಿಲ್ಲಿಸಿದ್ದ. ಎಂಥ ಮಳ್ಳ, ಊಟ ಪೂರ್ತಿ ಮಾಡಿ ಪಾಯಸ ಬಿಟ್ಟು ಎದ್ದಿದ್ದಾನೆ ಎಂದು ನಾನು ನಕ್ಕೆ.

ಆದರೆ ಆ ತಂಡ! ಕಂಪನಿಯವರು ಕೊಟ್ಟ ಆಟಗಾರರನ್ನೆಲ್ಲ ಬಿಟ್ಟು ಅವನು ತನ್ನ ಮನೆಯವರನ್ನೇ ಅಂಗಳಕ್ಕೆ ಇಳಿಸಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಹೆಸರುಗಳು. ಮುಂದೆ ಸ್ವತಃ ಪಚ್ಚು. ನಟ್ಟನಡುವೆ, ಎಲ್ಲರ ಕೆಲಸವನ್ನೂ ಮಾಡಬೇಕಾದ ಜಾಗದಲ್ಲಿ, ಅಮ್ಮ. ಬಲಗಡೆ ಚಿಕ್ಕಿ, ಅಂದರೆ ಚಿಕ್ಕಮ್ಮ. ಎಡಗಡೆ ಹಿಂದೆ ಟೈಗರ್. ಅದು ನಾಯಿಯೇ ಇರಬೇಕು, ಏಕೆಂದರೆ ಚೆಂಡು ಸಿಕ್ಕಿದರೆ ಯಾರಿಗೂ ಕೊಡುತ್ತಿರಲಿಲ್ಲ. ಗೋಲಿನಲ್ಲಿ ಅಜ್ಜೆರ್, ಅಂದರೆ ತುಳುವಿನಲ್ಲಿ ಅಜ್ಜ. ಅವರ ಮುಖವನ್ನು ಎಷ್ಟು ಹೊತ್ತು ಕೂತು ಮಾಡಿದ್ದನೋ ಏನೋ, ಬೋಳುತಲೆ, ಬಿಳಿ ಮೀಸೆ, ಸ್ವಲ್ಪ ಮುಂದೆ ಬಾಗಿದ ಹೆಗಲು. ಅಕ್ಕ ಹೆಸರು ಓದಿದ್ದೇ ಕುರ್ಚಿಯಿಂದ ನಮ್ಮ ಅಜ್ಜ ಕುತ್ತಿಗೆ ಚಾಚಿದರು.

"ನನ್ನನ್ನು ಇದಕ್ಕೆ ಸೇರಿಸಿದ್ದು ಯಾರಾ? ಸೇರಿಸಿದ್ದು ಸರಿ, ನನ್ನ ಕೂದಲು ಎಲ್ಲಿ?"

ಅಲ್ಲಿಂದ ಅದು ಅಜ್ಜನ ತಂಡವಾಯಿತು. ನಾನು ಆಡುತ್ತಿದ್ದೆ, ಜೊತೆಗೆ ನಮ್ಮೂರ ಕಬಡ್ಡಿ ಪಂದ್ಯಾಟಗಳ ಮೈಕಿನವನ ಸ್ವರದಲ್ಲಿ ವಿವರಣೆ ಕೊಡುತ್ತಿದ್ದೆ: "ಕ್ರೀಡಾಭಿಮಾನಿಗಳೇ, ಅಂಕಣದ ಎಡಬದಿಯಲ್ಲಿ ಟೈಗರ್, ದಯಮಾಡಿ ಯಾರೂ ಕಲ್ಲು ಬಿಸಾಡಬಾರದು." ಅಜ್ಜ ನಗುವಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ನಗಿಸಬೇಕೆಂಬ ಆಸೆ, ನಗಿಸಿದರೆ ಏನಾಗುತ್ತದೋ ಎಂಬ ಹೆದರಿಕೆ, ಎರಡನ್ನೂ ಒಟ್ಟಿಗೆ ಅನುಭವಿಸಿದ ನಕಲುಗಾರ ಬೇರೆ ಯಾರಾದರೂ ಇದ್ದಾರೋ ಗೊತ್ತಿಲ್ಲ.

ಆ ಮೊದಲ ದಿನ, ಪಂದ್ಯದ ಅರ್ಧದಲ್ಲಿ ಅಕ್ಕ ತಂಡದ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿದಳು. ಅಜ್ಜೆರ್ ಹೆಸರಿನ ಪಕ್ಕ ಒಂದು ಸಣ್ಣ ಗುರುತು ಇತ್ತು. ಅದರ ಮೇಲೆ ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅವಳು ಓದಿ, ನನ್ನ ತೋಳು ಚಿವುಟಿ, ಕಿವಿಯಲ್ಲಿ ಹೇಳಿದಳು. ವಯಸ್ಸಾದ ಕಾರಣ ಈ ಆಟಗಾರ ಸೀಸನ್ ಮುಗಿದ ಕೂಡಲೇ ನಿವೃತ್ತನಾಗುತ್ತಾನೆ. ಅಂದರೆ ಈ ಪಂದ್ಯ ಮುಗಿದು, ಆಟ ಸೇವ್ ಆದರೆ, ಅಜ್ಜೆರ್ ಇರುವುದಿಲ್ಲ.

"ಎಂಥ ಬರೆದದ್ದು ಅದು?" ಎಂದು ಅಜ್ಜ ಕೇಳಿದರು.

"ನೀವು ಒಳ್ಳೆ ಆಡ್ತೀರಿ ಅಂತ," ಎಂದಳು ಅಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿ ಕೆಂಪಾಗಿತ್ತು.

ಪಂದ್ಯ ಮುಗಿಯಿತು. ಸೇವ್ ಮಾಡಬೇಕೇ ಎಂದು ಪರದೆ ಕೇಳಿತು. ನಾನು ಅಕ್ಕನ ಮುಖ ನೋಡಿದೆ. ವಿಜ್ಞಾನದಲ್ಲಿ ಇಡೀ ಶಾಲೆಗೆ ಮೊದಲಿಗಳು, ಕಪ್ಪು ಬೆಕ್ಕು ಅಡ್ಡ ಬಂದರೆ ಅದರ ಬೆನ್ನು ತಟ್ಟಿ ಹೋಗುವವಳು, ಎದ್ದು ಹೋಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು.

"ಕರೆಂಟ್ ಹೋಯ್ತು ಅಜ್ಜ," ಎಂದೆ ನಾನು. ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಮರುದಿನ ಹಾಕಿದರೆ ಆಟ ಮತ್ತೆ ಅದೇ ಕಟ್ಟಕಡೆಯ ಪಂದ್ಯದ ಮುಂದೆ ನಿಂತಿತ್ತು, ಅಜ್ಜೆರ್ ಗೋಲಿನಲ್ಲಿದ್ದರು. ನಾವಿಬ್ಬರೂ ಉಸಿರು ಬಿಟ್ಟೆವು. ಆ ಬಳಿಕ ದಿನವೂ ಊಟವಾದ ಮೇಲೆ ಅದೇ ಪಂದ್ಯ, ಅದೇ ಎದುರಾಳಿ, ಕೊನೆಯಲ್ಲಿ ಅದೇ ಪ್ಲಗ್ಗು. ಇದೆಲ್ಲ ಹುಚ್ಚು ಎಂದು ಗೊತ್ತಿರಲಿಲ್ಲವೆಂದಲ್ಲ. ಆದರೆ ಯಾವುದಾದರೂ ಒಂದು ಕೆಲಸ ನಮ್ಮ ಕೈಯಲ್ಲಿ ಇರಬೇಕಿತ್ತು. ದೊಡ್ಡವರ ಕೈಯಲ್ಲಿ ಡಾಕ್ಟರ ಫೋನು, ಸ್ಕ್ಯಾನಿಂಗ್ ಹಾಳೆ, ದೇವರ ಮುಂದಿನ ತೆಂಗಿನಕಾಯಿ ಇದ್ದವು. ನಮ್ಮ ಕೈಯಲ್ಲಿ ಪ್ಲಗ್ಗು. ಒಂದು ದಿನ ಪರದೆ ಸೇವ್ ಮಾಡಬೇಕೇ ಎಂದು ಕೇಳುವ ಹೊತ್ತಿಗೇ ಅಮ್ಮ ನನ್ನನ್ನು ಅಂಗಡಿಗೆ ಹೊರಡಿಸಿದಾಗ ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದಿದ್ದರು.

ಅಜ್ಜನಿಗೆ ಬೇಸರವಾಗಲಿಲ್ಲ. ಹರಕೆಗೆಂದು ಯಕ್ಷಗಾನ ಆಡಿಸುವವರು ವರ್ಷವೂ ಅದೇ ಪ್ರಸಂಗ ಆಡಿಸುತ್ತಾರಲ್ಲ, ನೋಡುವವರೂ ಹೊಸದೆಂಬಂತೆ ಕೂತು ನೋಡುತ್ತಾರಲ್ಲ, ಹಾಗೆಯೇ ನೋಡಿದರು. "ಇದು ಯಾರ ಹರಕೆಯ ಆಟ ಮಾರಾಯ, ದಿನಾ ಒಂದೇ ಪ್ರಸಂಗ?" ಎಂದು ಒಮ್ಮೆ ಕೇಳಿದ್ದುಂಟು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಳೆ ಇನ್ನೂ ಶುರುವಾಗಿರದ ಒಂದು ಮಧ್ಯಾಹ್ನ ಬಾಗಿಲಿಗೆ ಒಬ್ಬ ಬಂದ. ಉದ್ದಕ್ಕೆ, ಸಪೂರ, ಹೆಗಲಲ್ಲಿ ಕಾಲೇಜಿನ ಬ್ಯಾಗು. ಮಿಜಾರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವುದಂತೆ. ಬೆಳ್ತಂಗಡಿಯ ಅಂಗಡಿಯವರು ಮಾವನ ನಂಬರು ಕೊಟ್ಟರಂತೆ, ಮಾವ ನಮ್ಮ ಮನೆ ಹೇಳಿದರಂತೆ. ಮೆಟ್ಟಿಲ ಮೇಲೇ ನಿಂತು, "ಗೇಮ್ ನಿಮಗೇ ಇರಲಿ ಅಕ್ಕ," ಎಂದ ಅಮ್ಮನಿಗೆ. "ಆ ಕಾರ್ಡಿನಲ್ಲಿ ನಂದೊಂದು ಆಟ ಇತ್ತು. ಅಳಿಸಿದ್ದೀರಾ?"

ನೀನು ಪಚ್ಚುವಾ ಎಂದು ನಾವು ಕೇಳಬೇಕಾಗಿರಲಿಲ್ಲ. ಅವನ ಹಿಂದೆ ಅಂಗಳ ಖಾಲಿಯಿತ್ತು, ಆದರೂ ನನಗೆ ಅವನ ಚಿಕ್ಕಿ, ಅಮ್ಮ, ಆ ನಾಯಿ ಎಲ್ಲ ಬಂದು ನಿಂತ ಹಾಗೆ ಅನಿಸಿತು. ಅಮ್ಮ ಒಳಗೆ ಕರೆದು ಬೆಲ್ಲ-ನೀರು ಕೊಟ್ಟರು. ಟಿವಿಯಲ್ಲಿ ಅವನ ತಂಡ ಆಗತಾನೇ ಅಂಗಳಕ್ಕೆ ಇಳಿದು ಸಾಲಾಗಿ ನಿಂತಿತ್ತು. ಅವನು ಲೋಟ ಹಿಡಿದು ನೋಡಿದ, ಕುಡಿಯಲಿಲ್ಲ.

"ಲಾಸ್ಟ್ ಮ್ಯಾಚ್ ಆಡ್ಲಿಲ್ವಾ ನೀವು?"

"ಆಡ್ತೇವೆ. ಸೇವ್ ಮಾಡುದಿಲ್ಲ," ಎಂದು ಅಕ್ಕ ತಗ್ಗಿದ ಸ್ವರದಲ್ಲಿ ಹೇಳಿದಳು.

ಅವನು ಅವಳ ಕಡೆ ತಿರುಗಿ, "ನಾನೂ ಮಾಡ್ಲಿಲ್ಲ," ಎಂದ. ಮತ್ತೆ ನೆಲ ನೋಡುತ್ತಾ ಹೇಳಿದ. ಅವನ ಅಜ್ಜನಿಗೆ ಹುಷಾರಿಲ್ಲದಾಗಲೇ ಅಜ್ಜೆರ್ ಹೆಸರಿನ ಪಕ್ಕ ಆ ಗುರುತು ಬಂತಂತೆ. ಅಲ್ಲಿಗೇ ನಿಲ್ಲಿಸಿ, ಬಟ್ಟೆಯ ಕಪಾಟಿನಲ್ಲಿ ಇಟ್ಟು ಹಾಸ್ಟೆಲಿಗೆ ಹೋದನಂತೆ. "ಆದರೂ ಅಜ್ಜ ಹೋದರು. ಆಮೇಲೆ ಮನೆಯವರೆಲ್ಲ ಬೇರೆಬೇರೆ ಕಡೆ ಆದರು. ಸಾಮಾನು ಮಾರುವಾಗ ಇದೂ ಹೋಯ್ತು."

ನಾವೇ ಕಂಡುಹಿಡಿದ ಉಪಾಯವೆಂದುಕೊಂಡದ್ದು, ಇನ್ನೊಬ್ಬ ಮಾಡಿ ಸೋತ ಉಪಾಯವಾಗಿತ್ತು. ಇಷ್ಟು ದಿನ ಗೋಡೆಯೆಂದು ಒರಗಿದ್ದದ್ದು ಬರೀ ಪರದೆಯ ಬಟ್ಟೆ. ಅಕ್ಕ ಪ್ಲಗ್ಗಿನ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲಿಯೇ ನಿಂತಳು. ಯಾರೂ ಕುರ್ಚಿಯ ಕಡೆ ನೋಡಲಿಲ್ಲ. ಕುರ್ಚಿಯೇ ಮಾತಾಡಿತು.

"ಹಾಗೆ ಹೇಳಿ ಮತ್ತೆ! ಕರೆಂಟ್ ಹೋದರೂ ಈ ಫ್ಯಾನ್ ಯಾಕೆ ತಿರುಗ್ತದೆ ಅಂತ ನಾನು ಆಲೋಚನೆ ಮಾಡ್ತಾ ಇದ್ದೆ." ಅಜ್ಜ ಪಚ್ಚುವನ್ನು ಹತ್ತಿರ ಕರೆದರು. "ಇಲ್ಲಿ ಬಾ ಮಗಾ. ನಿನ್ನ ಅಜ್ಜ ಎಂಥ ಕೆಲಸ ಮಾಡ್ತಿದ್ದದ್ದು?"

"ಹೋಟೆಲಿನಲ್ಲಿ. ಅಡುಗೆ."

"ನಾನು ಬಸ್ಸಿನಲ್ಲಿ. ನೋಡು, ಕೊನೇ ಟ್ರಿಪ್ ಹೊಡೆಯದೆ ಬಸ್ಸನ್ನು ದಾರಿ ಮಧ್ಯೆ ನಿಲ್ಲಿಸ್ಲಿಕ್ಕೆ ಆಗ್ತದಾ? ಒಳಗೆ ಜನ ಕೂತಿದ್ದಾರಲ್ಲ. ಆ ಮುದುಕನನ್ನು ಎಷ್ಟು ದಿನ ಅಂತ ಬಿಸಿಲಿನಲ್ಲಿ ನಿಲ್ಲಿಸ್ತೀರಿ ನೀವು? ಆಡು. ಮುಗಿಸು. ಹೋಗಿ ಕೂತ್ಕೊಳ್ಳಲಿ ಅವರು."

ಅಮ್ಮ "ಅಪ್ಪ, ಬೇಡ" ಎಂದರು. ಬೀಡಿ ಕಟ್ಟುವ ಅಮ್ಮನಿಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಆದರೂ ಬೇಡ ಎಂದರು.

ಪಚ್ಚು ಆಡಿದ. ನಮಗಿಂತ ಎಷ್ಟೋ ಚೆನ್ನಾಗಿ, ತನ್ನ ಮನೆಯವರೊಬ್ಬೊಬ್ಬರ ನಡಿಗೆ ಗೊತ್ತಿರುವವನ ಹಾಗೆ ಆಡಿದ. ನಾನು ವಿವರಣೆ ಶುರುಮಾಡಿದೆ, ಮೈಕಿನವನ ಸ್ವರ ನಡುವೆ ಬಿರುಕು ಬಿಟ್ಟು ಪುಕ್ಕಲು ಹುಡುಗನೊಬ್ಬ ಹೊರಗೆ ಇಣುಕಿದ. ಕೆಮ್ಮಿ ಮತ್ತೆ ಶುರುಮಾಡಿದೆ. ಪಂದ್ಯದ ಕೊನೆಗೆ ಅಜ್ಜೆರ್ ಬದಿಗೆ ಹಾರಿ ಒಂದು ಚೆಂಡು ಹಿಡಿದರು. "ಆಹಾ!" ಎಂದು ನಮ್ಮ ಅಜ್ಜ ತೊಡೆ ತಟ್ಟಿದರು. ಸೀಟಿ. ಪರದೆ ಕೇಳಿತು. ಪಚ್ಚುವಿನ ಹೆಬ್ಬೆರಳು ಗುಂಡಿಯ ಮೇಲೆ ಬಂತು, ಇಳಿಯಲಿಲ್ಲ. ಚಾವಡಿಯಲ್ಲಿ ಕತ್ತರಿಯ ಸದ್ದೂ ಇಲ್ಲ.

"ಒತ್ತು ಮಗಾ," ಎಂದರು ಅಜ್ಜ.

ಒತ್ತಿದ. ಹೊಸ ಸೀಸನ್ನಿನ ಪಟ್ಟಿ ಬಂತು. ಗೋಲಿನ ಜಾಗ ಖಾಲಿಯಿತ್ತು. ಪಚ್ಚು ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡ. ಅವರ ಮನೆಯಲ್ಲಿ ಅಳಲು ಅವನಿಗೆ ಜಾಗ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಅಜ್ಜ ಅವನ ಬೆನ್ನ ಮೇಲೆ ಕೈ ಇಟ್ಟರು. ಕೈ ಅಲ್ಲಿಯೇ ಇಟ್ಟುಕೊಂಡು ಅಮ್ಮನ ಕಡೆ ತಿರುಗಿ, ಅಂಗಡಿಯಿಂದ ಸಾಬೂನು ತರಿಸು ಎನ್ನುವಷ್ಟು ಸಲೀಸಾಗಿ, "ಆ ಡಾಕ್ಟ್ರಿಗೆ ಫೋನ್ ಮಾಡು. ದಿನ ಹಾಕಲಿ," ಎಂದರು.

ಅಜ್ಜ ಆಸ್ಪತ್ರೆಯಿಂದ ವಾಪಸು ಬಂದರು. ಎದೆಯ ಮೇಲಿನ ಹೊಲಿಗೆಯನ್ನು ಬಂದವರಿಗೆಲ್ಲ ಅಂಗಿ ಬಿಚ್ಚಿ ತೋರಿಸಿದರು, ಕೆಲವು ವರ್ಷ ಚೆನ್ನಾಗಿಯೇ ಇದ್ದರು, ಮತ್ತೆ ಒಂದು ದಿನ ಅದೇ ಕುರ್ಚಿಯಲ್ಲಿ, ಚಾ ಆರುವುದಕ್ಕೆ ಮೊದಲೇ, ಹೋದರು. ಪಚ್ಚು ತನ್ನ ಕಾರ್ಡನ್ನು ಆವತ್ತೇ ಜೇಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಆ ತಂಡ ಈಗ ಎಲ್ಲಿ ಉಂಟೋ, ಗೋಲಿನಲ್ಲಿ ಯಾರನ್ನು ನಿಲ್ಲಿಸಿದನೋ ಗೊತ್ತಿಲ್ಲ. ನಮ್ಮ ಮನೆಯೂ ಹೋಯಿತು. ರಸ್ತೆ ಅಗಲ ಮಾಡುವಾಗ ಚಾವಡಿ ಮೊದಲು, ಕೋಣೆ ಆಮೇಲೆ, ಕೊನೆಗೆ ಬಾವಿಯನ್ನೂ ಮುಚ್ಚಿದರು. ಈಗ ಅಲ್ಲಿ ಬಸ್ಸುಗಳು ತಿರುಗುತ್ತವೆ.

ಮದುವೆ ಮನೆಗಳಲ್ಲಿ, ಆಫೀಸಿನಲ್ಲಿ ಈಗಲೂ ನನ್ನನ್ನು ನಿಲ್ಲಿಸಿ ಸ್ವರ ತೆಗೆಯಲು ಹೇಳುತ್ತಾರೆ. ನೆಂಟರು ಸೇರಿದಾಗ ಅಜ್ಜನದ್ದೂ ಆಗಲಿ ಎನ್ನುತ್ತಾರೆ. ಮಾಡುತ್ತೇನೆ. ಊರುಗಳ ಹೆಸರು ಕೂಗುತ್ತೇನೆ, ಕೂದಲಿನ ಮಾತು ಹೇಳುತ್ತೇನೆ, ಈಗ ಕೆಮ್ಮನ್ನೂ ಸೇರಿಸುತ್ತೇನೆ. ಅಮ್ಮ ಕಣ್ಣು ಮುಚ್ಚಿ ಕೇಳಿ, ಸರಿ ಉಂಟು, ಅಪ್ಪನೇ, ಎನ್ನುತ್ತಾರೆ. ಆದರೆ ಒಬ್ಬನೇ ಇರುವಾಗ ಆ ಮಧ್ಯಾಹ್ನದ ಎರಡು ಪದಗಳನ್ನು ಹೇಳಿ ನೋಡಿದ್ದೇನೆ. "ಒತ್ತು ಮಗಾ." ಅಷ್ಟೇ. ಎಷ್ಟು ಸಲ ಹೇಳಿದರೂ ಅದು ನನ್ನದೇ ಸ್ವರದಲ್ಲಿ ಬರುತ್ತದೆ.