ಶೀನ ಮಾವ ನಿಂತು ಮಾತಾಡಿದರು

ಶೀನ ಮಾವ ಬಾಯಿ ಮುಚ್ಚಿಕೊಂಡು ನಡೆದದ್ದನ್ನು ಕಂಡವರು ನಮ್ಮ ಸಿದ್ದಕಟ್ಟೆಯಲ್ಲಿ ಯಾರೂ ಇರಲಿಲ್ಲ. ಅಮ್ಮನ ತಮ್ಮ ಅವರು. ಬಂಟ್ವಾಳ–ಮೂಡಬಿದಿರೆ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್. ತಿರುವಿನಲ್ಲಿ ಬಸ್ಸು ವಾಲಿದರೂ ಕಂಬಿ ಹಿಡಿಯದೆ, ಒಂದು ಕೈಯಲ್ಲಿ ಟಿಕೆಟ್ ಹರಿಯುತ್ತ, ಮುಂದಿನ ಸೀಟಿನ ಅಜ್ಜಿಯ ಮೊಣಕಾಲು ನೋವು ವಿಚಾರಿಸುತ್ತ, ಹಿಂದಿನ ಬಾಗಿಲಲ್ಲಿ ಜೋತಾಡುವ ಹುಡುಗರಿಗೆ ಬೈಯುತ್ತ ಉದ್ದಕ್ಕೂ ಓಡಾಡುತ್ತಿದ್ದರು. ಕಾಲಿಡಲು ಜಾಗವಿಲ್ಲದ ಬಸ್ಸಿಗೂ ಅವರದು ಒಂದೇ ಮಾತು: "ಒಳಗೆ ಹೋಗಿ, ಒಳಗೆ ಜಾಗ ಉಂಟು!" ನಾನು ಮೂಡಬಿದಿರೆಯಲ್ಲಿ ಕಾಲೇಜು ಓದುವಾಗ ಅದೇ ಬಸ್ಸು. ನಾನು ಲೆಕ್ಕದಲ್ಲಿ ಫೇಲಾದ ಸುದ್ದಿ ಸಿದ್ದಕಟ್ಟೆ ಮುಟ್ಟುವ ಮೊದಲು ಇಡೀ ಬಸ್ಸಿಗೆ ಗೊತ್ತಾಗಿತ್ತು. ಎರಡು ದಿನ ನಾನು ಅವರ ಹತ್ತಿರ ಮಾತು ಬಿಟ್ಟಿದ್ದೆ. ಅವರು ಮಾತ್ರ ಬಿಡಲಿಲ್ಲ.

ಮದುವೆಯಾಗದ ಮನುಷ್ಯ. ಕೆಲಸ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಉಳಿದರು. ಖಾಕಿ ಅಂಗಿಯನ್ನು ಮಾತ್ರ ಬಿಡಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಅದೇ ಅಂಗಿಯನ್ನು ಒಗೆಯಲು ತೆಗೆದಾಗ ಕಿಸೆಯಲ್ಲಿ ಬಿಪಿ ಮಾತ್ರೆಯ ಎರಡು ಪಟ್ಟಿ ಸಿಕ್ಕಿದವು. ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ. ಕೇಳಿದರೆ, ತಲೆ ತಿರುಗುವುದಿಲ್ಲ, ಎದೆ ನೋಯುವುದಿಲ್ಲ, ಸುಮ್ಮನೆ ಯಾಕೆ ತಿನ್ನಬೇಕು ಎಂಬ ವಾದ. ನನ್ನ ಬಾಯಿಯೇನು ಕಡಿಮೆಯದಲ್ಲ. ಮಾವನ ಕಡೆಯಿಂದಲೇ ಬಂದದ್ದು.

"ಮಾತ್ರೆ ತಿನ್ನುದಿಲ್ಲಾಂದ್ರೆ ನನ್ನ ಮುಖ ನೋಡ್ಬೇಡಿ," ಎಂದು ಹೇಳಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದೆ.

ಅದೇ ದಿನ ಹತ್ತೂವರೆಗೆ ಚಹಾದ ಲೋಟ ಅವರ ಎಡಗೈಯಿಂದ ಜಾರಿತಂತೆ. ಏಳಲು ಹೋದರೆ ಎಡಗಾಲು ಬರಲಿಲ್ಲ. ಅಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಮಂಗಳೂರಿಗೆ ಒಯ್ದಳು. ನಾನು ಆಸ್ಪತ್ರೆಗೆ ತಲುಪುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಡಾಕ್ಟರು ಚಿತ್ರದಲ್ಲಿ ಬಿಳಿ ಬಿಳಿ ಮಚ್ಚೆಗಳನ್ನು ತೋರಿಸಿದರು. ಲಕ್ವ ಹೊಡೆದ ಜಾಗ ಸಣ್ಣದು, ಆದರೆ ಈ ಮಚ್ಚೆಗಳು ಇವತ್ತಿನವಲ್ಲ. ವರ್ಷಗಟ್ಟಲೆ ಬಿಪಿಯಿಂದ ಮಿದುಳಿನ ಸಪುರ, ಕೂದಲೆಳೆಯಂಥ ರಕ್ತನಾಳಗಳು ಸವೆದಿವೆ ಎಂದರು. ಹೈವೇ ಸರಿ ಇದೆ, ಒಳರಸ್ತೆಗಳು ಹಾಳಾಗಿವೆ. ಬೇರೆಯವರಿಗಾದರೆ ಒಂದು ರಸ್ತೆ ಮುಚ್ಚಿದಾಗ ಮಿದುಳು ಸುತ್ತು ಬಳಸಿ ಹೋಗುತ್ತದೆ. ಇವರಿಗೆ ಆ ಬಳಸು ದಾರಿಯೂ ಕೆಟ್ಟಿದೆ. ಹಾಗಾಗಿ ಗುಣವಾಗುವುದು ನಿಧಾನ. ಆದರೆ ಆಗುತ್ತದೆ, ಮಾತ್ರೆ ತಪ್ಪಿಸಬಾರದು, ವ್ಯಾಯಾಮ ಬಿಡಬಾರದು ಎಂದರು.

ಹಾಸಿಗೆಯಿಂದ ಮಾವ ಸ್ವಲ್ಪ ತೊದಲುತ್ತ ಕೇಳಿದರು: "ಒಳಗೆ ಇನ್ನೂ ಜಾಗ ಉಂಟಲ್ಲ ಡಾಕ್ಟ್ರೇ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ ಕೋಲು ಹಿಡಿದು ನಡೆಯಲು ಶುರುಮಾಡಿದರು. ಮಾತು ತಿಳಿಯಾಗಿತ್ತು. ಕುರ್ಚಿಯಲ್ಲಿ ಕೂತರೆ ಅಮ್ಮನೊಡನೆ ಹರಟೆ, ದಾರಿಯಲ್ಲಿ ಹೋಗುವವರೊಡನೆ ಹರಟೆ. ಆದರೆ ಸಂಜೆ ನಾನು ಅಂಗಳದಲ್ಲಿ ನಡೆಸುವಾಗ ಮಾತ್ರ ಮಾವ ಮೂಕ. ನನ್ನ ಕಡೆ ತಿರುಗುವುದೇ ಇಲ್ಲ, ಕಣ್ಣು ನೆಲದ ಮೇಲೆ. ನನ್ನ ಮುಖ ನೋಡಬೇಡಿ ಎಂದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಆಡಿದ ಮಾತು, ಒಡೆದ ಮುತ್ತು. ಅವರನ್ನು ಒಲಿಸಿಕೊಳ್ಳಲು ನಾನು ಇನ್ನಷ್ಟು ಮಾತಾಡಿದೆ: ಆಫೀಸಿನ ಜಗಳ, ಪೊಳಲಿ ದೇವಸ್ಥಾನಕ್ಕೆ ಹೋಗಿಬರುವ ಯೋಚನೆ, ಮೀನಿನ ಬೆಲೆ, ಬಾಯಿಗೆ ಬಂದದ್ದೆಲ್ಲ. ನಾನು ಬಾಯಿ ಬಿಟ್ಟಾಗೆಲ್ಲ ಅವರು ಮುಗ್ಗರಿಸುತ್ತಿದ್ದರು, ಇಲ್ಲವೇ ಗಕ್ಕನೆ ನಿಲ್ಲುತ್ತಿದ್ದರು. ನನ್ನ ದನಿಯೇ ಅವರಿಗೆ ಆಗುತ್ತಿಲ್ಲ ಅಂದುಕೊಂಡೆ. ಒಂದು ದಿನ ತಡೆಯಲಾರದೆ, "ಮಾವ, ನನ್ನ ಮೇಲೆ ಕೋಪವಾ?" ಎಂದು ಕೇಳಿಯೇಬಿಟ್ಟೆ. ಮಾವ ಕಣ್ಣನ್ನು ನೆಲದಿಂದ ಎತ್ತಲಿಲ್ಲ. ಕೋಲು ಊರಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮೆಟ್ಟಿಲು ಹತ್ತಿಸಿ ಅವರನ್ನು ಅಮ್ಮನ ಕೈಗೆ ಕೊಟ್ಟು, ಬಚ್ಚಲುಮನೆಗೆ ಹೋಗಿ ಅತ್ತೆ.

ಆ ವಾರ ಬಿ.ಸಿ. ರೋಡ್ ಪೇಟೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯ ಹತ್ತಿರ ಕರೆದುಕೊಂಡು ಹೋಗಿದ್ದೆ. ಗೋಡೆಯಿಂದ ಗೋಡೆಗೆ ನಡೆಯಲು ಹೇಳಿದಳು. ಅರ್ಧ ದಾರಿಯಲ್ಲಿ, "ಬೆಳಿಗ್ಗೆ ಏನು ತಿಂಡಿ ಅಂಕಲ್?" ಎಂದಳು. ಮಾವ ನಿಂತರು. ಎರಡೂ ಕಾಲು ಜೋಡಿಸಿಕೊಂಡು, "ನೀರುದೋಸೆ," ಎಂದರು. ಮತ್ತೆ ನಡೆದರು. ವಾಪಸು ಬರುವಾಗ ಇನ್ನೊಂದು ಪ್ರಶ್ನೆ. ಮತ್ತೆ ನಿಂತರು.

ಹುಡುಗಿ ನನ್ನ ಕಡೆ ತಿರುಗಿ, ಸಪುರ ನಾಳ ಸವೆದವರಲ್ಲಿ ಹೀಗೆ ಆಗುವುದುಂಟು ಎಂದಳು. ನಡೆಯುವುದೇ ಈಗ ಅವರಿಗೆ ಪೂರಾ ಗಮನದ ಕೆಲಸ, ಜೊತೆಗೆ ಮಾತು ಸೇರಿದರೆ ಎರಡರಲ್ಲಿ ಒಂದು ತಪ್ಪುತ್ತದೆ. ಸದ್ಯ ಒಂದು ಹೊತ್ತಿಗೆ ಒಂದೇ ಕೆಲಸ. ಮನೆಯಲ್ಲಿ ನಡೆಸುವಾಗ ಯಾರೂ ಮಾತಾಡಿಸಬೇಡಿ ಎಂದಳು.

ಅಯ್ಯೋ ದೇವರೇ! ಇಷ್ಟು ದಿನ ಅವರನ್ನು ಬೀಳಿಸಲು ಹೊರಟದ್ದು ನಾನೇ.

ಮಾವ ಕುರ್ಚಿಯಲ್ಲಿ ಕೂತರು. ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ತಲೆ ಎತ್ತಿ ಸೀದಾ ನನ್ನ ಮುಖ ನೋಡಿದರು.

"ಮೊನ್ನೆ ಕೇಳಿದೆಯಲ್ಲ, ಕೋಪವಾ ಅಂತ. ಕೋಪ ಎಂತದು ಮಾರಾಯ್ತಿ? ನಡೆಯುವಾಗ ನಿನ್ನ ಮುಖ ನೋಡಿದ್ರೆ ಬೀಳ್ತೇನೆ. ಅಷ್ಟೇ."

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಹಾಗಾದರೆ ಅವತ್ತೇ ಮನೆಯೊಳಗೆ ಕೂತ ಮೇಲೆ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ. ನೀನು ಬಚ್ಚಲಿನ ಬಾಗಿಲು ಹಾಕಿಕೊಂಡಿದ್ದೆ, ಹೊರಗೆ ಬರುವಾಗ ನನಗೆ ಮರೆತುಹೋಗಿತ್ತು ಎಂದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಈಗ ನಾನು ಬೆಳ್ತಂಗಡಿಯಲ್ಲಿದ್ದೇನೆ, ವಾರಕ್ಕೊಮ್ಮೆ ಬರುತ್ತೇನೆ. ಮಾವ ಮಾತ್ರೆ ತಪ್ಪಿಸುವುದಿಲ್ಲ. ಖಾಲಿ ಪಟ್ಟಿಯನ್ನು ಟಿಕೆಟ್ ತೋರಿಸುವ ಹಾಗೆ ನನಗೆ ತೋರಿಸುತ್ತಾರೆ. ಕಳೆದ ಭಾನುವಾರ ಬಸ್‌ಸ್ಟ್ಯಾಂಡಿನ ತನಕ ಬರುತ್ತೇನೆಂದು ಹಟ ಹಿಡಿದರು. ಮನೆಯಿಂದ ಅಲ್ಲಿಗೆ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಊರಿನ ಇಬ್ಬರು ಮಹಾ ಬಾಯಾಳಿಗಳು ಪಿಟ್ಟೆನ್ನದೆ ಹೋಗುವುದನ್ನು ಕಂಡು ಅಂಗಡಿಯವರು ಏನೋ ಜಗಳವಾಗಿದೆ ಎಂದುಕೊಂಡಿರಬೇಕು. ಬಸ್ಸು ಬಂತು, ಹತ್ತಿದೆ. ಮಾವ ಕೋಲು ಊರಿ, ಕಾಲು ಜೋಡಿಸಿ, ಗಟ್ಟಿಯಾಗಿ ನಿಂತರು. ನನ್ನ ಮುಖ ನೋಡಿದರು. ಹೊಸ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಅವರ ದನಿ ಬಂತು:

"ಒಳಗೆ ಹೋಗು ಮಗಾ, ಒಳಗೆ ಜಾಗ ಉಂಟು. ರೈಟ್!"

ಬಸ್ಸು ಹೊರಟಿತು.