ಅರಿಶಿಣದ ವಿಡಿಯೊದಲ್ಲಿ ಕೇಳಿದ ಉಸಿರು

ಅದು ದೆವ್ವವಲ್ಲ, ಕ್ಯಾಮೆರಾದೊಳಗಿನ ಫ್ಯಾನ್. ದೇವದುರ್ಗದಲ್ಲಿ ಮೊಮ್ಮಗಳಿಗೆ ಅರಿಶಿಣ ಹಚ್ಚುವಾಗ ಸೋಬಾನೆ ಪದ ಚೆಂದ ಕೇಳಲೆಂದು ನಾವೇ ಕೂಲರ್ ಬಂದ್ ಮಾಡಿಸಿದ್ದೆವು. ಸೆಕೆಗೆ ಕ್ಯಾಮೆರಾ ಕಾದು, ಅದರ ಫ್ಯಾನ್ ತಾನಾಗಿ ತಿರುಗುತ್ತಾ ನಿಲ್ಲುತ್ತಾ ಇತ್ತಂತೆ. ಸಂಜೆ ವಿಡಿಯೊ ಹಾಕಿದರೆ, ಪದ ಮುಗಿದ ಮೇಲೂ ಯಾರೋ ಏದುಸಿರು ಬಿಡುವ ಸದ್ದು. ದಮ್ಮಿನಿಂದ ಸತ್ತ ನನ್ನ ಮಗಳು ಹೀಗೇ ಉಸಿರಾಡುತ್ತಿದ್ದಳು.

“ಅಜ್ಜೀ, ಅವ್ವ ಇಲ್ಲೇ ಅದಾಳ. ಆಕಿನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ, ಮದಿವಿ ಬ್ಯಾಡ,” ಎಂದು ಮೊಮ್ಮಗಳು ಹಟ ಹಿಡಿದಳು.

“ಸತ್ತಾಕಿಗೆ ದಮ್ಮು ಎಲ್ಲೀದು ಬೇ, ಹುಚ್ಚಿ,” ಎಂದೆ. ಆದರೆ ಆ ಸದ್ದು ನಿಲ್ಲುವವರೆಗೆ ನಾನೂ ಉಸಿರು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾಮೆರಾದವನು ಫ್ಯಾನಿನ ಸಂಗತಿ ಬಿಡಿಸಿ ಹೇಳಿದ ಮೇಲೆ, ಅವಳ ಅಂಗೈಯನ್ನು ಕ್ಯಾಮೆರಾದ ಬಿಸಿಗಾಳಿಗೆ ಹಿಡಿಸಿ, ಹಸೆಮಣೆಗೆ ಕೂಡಿಸಿದೆ. ತಾಳಿ ಕಟ್ಟುವಾಗ ಫ್ಯಾನ್ ಬಂದ್ ಮಾಡಬೇಡವೆಂದು ಕ್ಯಾಮೆರಾದವನಿಗೆ ಹೇಳಿದೆ.