ಎರಡನೇ ದನಿ

ನಮ್ಮ ಹಾಡಿನ ಮೇಷ್ಟ್ರ ಮುಂದಿನ ಹಲ್ಲೊಂದು ಮೂಲೆಯಲ್ಲಿ ಸವೆದುಹೋಗಿತ್ತು. ಎಲೆಅಡಿಕೆಯಿಂದಲ್ಲ, ಬೀಡಿಯಿಂದಲೂ ಅಲ್ಲ. ಅವೆರಡೂ ಅವರಿಗೆ ಆಗುತ್ತಿರಲಿಲ್ಲ. ಎರಡು ಕವಲಿನ ಉಕ್ಕಿನ ಶ್ರುತಿಕಡ್ಡಿಯೊಂದು ಸದಾ ಅವರ ಕೋಟಿನ ಜೇಬಿನಲ್ಲಿರುತ್ತಿತ್ತು. ಅದನ್ನು ಮಂಡಿಗೆ ಬಡಿದು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಆ ಗುಂಯ್ ಎನ್ನುವ ನಾದ ಅವರಿಗೆ ತಲೆಬುರುಡೆಯೊಳಗೇ ಕೇಳುತ್ತಿತ್ತಂತೆ. ಆಮೇಲೆ ಕಡ್ಡಿ ತೆಗೆದು ಒಬ್ಬೊಬ್ಬರಿಗೂ ಅವರವರ ಸ್ವರ ಎತ್ತಿಕೊಡುವರು. ಮಧುಗಿರಿಯ ಮಿಷನ್ ಶಾಲೆಯ ಮಕ್ಕಳಾದ ನಾವು ಬೆನ್ನ ಹಿಂದೆ ಅವರನ್ನು "ಕಬ್ಬಿಣ ತಿನ್ನೋ ಮೇಷ್ಟ್ರು" ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಒಬ್ಬನನ್ನು ಕರೆದು, "ಉಪ್ಪಿನಕಾಯಿ ಇದ್ರೆ ತಂದ್ಕೊಡಪ್ಪ, ಬರೀ ಕಬ್ಬಿಣ ಒಳಗೆ ಹೋಗ್ತಾ ಇಲ್ಲ" ಎಂದಿದ್ದರು.

ಅದು ಮಹಾರಾಜರ ಕಾಲ. ಮಧುಗಿರಿ ಬೆಟ್ಟದ ಕೆಳಗೆ ನಮ್ಮ ಕ್ರೈಸ್ತ ಸಭೆಯೆಂದರೆ ಬೆರಳೆಣಿಕೆಯ ಮನೆಗಳು. ಹಗಲು ಮೇಷ್ಟ್ರು ನಮಗೆ ಲೆಕ್ಕ ಹೇಳಿಕೊಡುತ್ತಿದ್ದರು, ಸಂಜೆ ಕೀರ್ತನೆ. ಅವರ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು, ನನ್ನ ವಾರಿಗೆಯವಳು. ಅವಳನ್ನು ಅವರೇ ಮೀಯಿಸಿ, ಅವರೇ ತಲೆ ಬಾಚಿ ಬೆಳೆಸಿದರು. ಜಡೆ ಹೆಣೆಯಲು ಬಾರದೆ ಹಗ್ಗ ಹೊಸೆದ ಹಾಗೆ ಹೊಸೆದು ಕಳಿಸುತ್ತಿದ್ದರು. ಶಾಲೆಯ ದಾರಿಯಲ್ಲಿ, ನಮ್ಮ ಮನೆ ಜಗಲಿಯ ಮೇಲೆ ಕೂರಿಸಿಕೊಂಡು ನಮ್ಮಮ್ಮ ಅದನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಪಾದ್ರಿಗಳಿಂದ ಮೇಷ್ಟ್ರು ಕಲಿತದ್ದು ನಾಲ್ಕು ದನಿಯ ಹಾಡು. ಒಂದೇ ಹಾಡನ್ನು ನಾಲ್ಕು ಗುಂಪಿನವರು ನಾಲ್ಕು ದಾರಿಯಲ್ಲಿ ಹಾಡಬೇಕು, ಎಲ್ಲ ಕೂಡಿ ಒಂದಾಗಬೇಕು. ಮೊದಲನೇ ದನಿಯಲ್ಲೇ ಹಾಡಿನ ಧಾಟಿ ಇರುವುದು. ಕೇಳಿದವರು ಮನೆಗೆ ಗುನುಗಿಕೊಂಡು ಹೋಗುವುದೂ ಅದನ್ನೇ. ಎರಡನೇ ದನಿ ಅದರ ಕೆಳಗೆ ನಡೆಯುತ್ತದೆ. ಒಂಟಿಯಾಗಿ ಕೇಳಿದರೆ ಅದು ಹಾಡೆಂದೇ ಅನ್ನಿಸುವುದಿಲ್ಲ. ಮಿಕ್ಕ ಎರಡು ದನಿ ಗಂಡುಹುಡುಗರವು. ಎರಡನೇ ದನಿಗೆ ಇದ್ದವರು ಇಬ್ಬರೇ, ಮೇಷ್ಟ್ರ ಮಗಳು ಮತ್ತು ನಾನು. ನಿಜ ಹೇಳಬೇಕೆಂದರೆ ಹಾಡುತ್ತಿದ್ದವಳು ಅವಳು. ನಾನು ಅವಳ ದನಿ ಹಿಡಿದುಕೊಂಡು ಹಿಂದೆ ಹೋಗುತ್ತಿದ್ದೆ. ಮೇಷ್ಟ್ರ ಬೋಧನೆಯೂ ಅದೇ ಆಗಿತ್ತು. "ಬಾಯಿ ಎಲ್ರಿಗೂ ಇದೆ, ಕಿವಿ ಇಟ್ಕೊಳ್ಳಿ. ನಿಮ್ಮದನ್ನ ನೀವು ಕೇಳ್ಕೋಬೇಡಿ, ಪಕ್ಕದವರದ್ದು ಕೇಳಿ."

ಅವಳಿಗೆ ದಪ್ಪ ದನಿ. ಎಮ್ಮೆ ದನಿ ಎಂದು ರೇಗಿಸುತ್ತಿದ್ದೆವು. "ಅಪ್ಪಾ, ನಾನು ಹಾಡೋದು ಯಾರಿಗೂ ಕೇಳ್ಸಲ್ಲ" ಎಂದು ಅವಳು ದೂರಿದರೆ, "ಮನೆ ತೊಲೇನ ಯಾರು ನೋಡ್ತಾರಮ್ಮ? ತೆಗೆದ ದಿನ ನೋಡ್ತಾರೆ" ಎನ್ನುವರು. ಆಗ ಅದು ಬರೀ ಮಾತಾಗಿತ್ತು.

ಮೇಷ್ಟ್ರು ತಾವೇ ಒಂದು ಕೀರ್ತನೆ ಕಟ್ಟಿದ್ದರು. ರಾಗಿ ಬೀಸುವ ಹೆಂಗಸರ ಧಾಟಿ ಅದಕ್ಕೆ. "ಬಾಯಾರಿದವರೆಲ್ಲ ಬನ್ನಿರೋ, ಬತ್ತದ ಬಾವಿಯ ಬಳಿಗೆ" ಎಂದು ಶುರುವಾಗುತ್ತಿತ್ತು. ನಾಲ್ಕೂ ದನಿಯನ್ನು ಬಾಯಿಂದ ಬಾಯಿಗೇ ಕಲಿಸಿದರು, ಕಾಗದಕ್ಕೆ ಇಳಿಸಲೇ ಇಲ್ಲ. ಕಾಗದ ನೋಡಿ ಹಾಡುವವನ ಕಿವಿ ನಿದ್ದೆ ಮಾಡುತ್ತದೆ ಎಂದು ಅವರ ವಾದ.

ಆ ವರ್ಷದ ಬೇಸಿಗೆ ರಜೆಯಲ್ಲಿ ಎರಡು ಎತ್ತಿನ ಗಾಡಿ ಕಟ್ಟಿಕೊಂಡು, ಸುತ್ತಿನ ಚರ್ಚುಗಳಲ್ಲಿ ಹಾಡಲು ಹೊರಟೆವು. ಕೊರಟಗೆರೆ, ಶಿರಾ, ಕೊನೆಗೆ ಪಾವಗಡ. ಚರ್ಚೆಂದರೆ ದೊಡ್ಡದೇನಲ್ಲ, ಕೆಲವು ಕಡೆ ಒಂದು ಹುಲ್ಲಿನ ಚಪ್ಪರ, ಒಂದು ಮರದ ಶಿಲುಬೆ, ಅಷ್ಟೆ. ಸಿದ್ದರಬೆಟ್ಟದ ತಪ್ಪಲಲ್ಲಿ ಗಾಡಿ ಬಿಟ್ಟು, ಬುತ್ತಿ ಉಂಡು, ಹುಣಸೆ ಮರದ ಕೆಳಗೆ ಅಭ್ಯಾಸ ಮಾಡುತ್ತಿದ್ದಾಗ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು ಕೇಳಿದ. "ಏನ್ರಪ್ಪಾ, ಒಬ್ಬೊಬ್ರು ಒಂದೊಂದು ದಾರಿ ಹಿಡ್ದಿದೀರಿ? ಜಗಳ ಗಿಗಳ ಆಗೈತಾ?" ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದಜ್ಜ, ಆದ್ರೂ ಒಂದೇ ಮನೆಯವ್ರು" ಎಂದರು. ಶಿರಾದಲ್ಲಿ ಹಣ್ಣಿನ ಸಾಬರೊಬ್ಬರು ಕಿಟಕಿಯ ಹೊರಗೆ ನಿಂತು ಪೂರ್ತಿ ಕೇಳಿ, "ಬಹುತ್ ಖೂಬ್ ಮೇಷ್ಟ್ರೇ, ಇನ್ನೊಂದು ಆಗ್ಲಿ" ಎಂದು ಹುಡುಗಿಯರಿಗೆಲ್ಲ ಕರಬೂಜ ಹೆಚ್ಚಿ ಕೊಟ್ಟರು. ಅಲ್ಲಿಯವರೆಗೆ ಎಲ್ಲವೂ ಹಬ್ಬದಂತೆಯೇ ಇತ್ತು.

ಆ ಬೇಸಿಗೆ ಅಲ್ಲಲ್ಲಿ ವಾಂತಿಭೇದಿಯ ಸುದ್ದಿಯಿತ್ತು. ಕಾಯಿಸಿ ಆರಿಸಿದ ನೀರನ್ನು ಬಿಟ್ಟು ಬೇರೆ ಹನಿ ಮುಟ್ಟಕೂಡದೆಂದು ಮೇಷ್ಟ್ರ ಕಟ್ಟಪ್ಪಣೆ. ಅದಕ್ಕೆಂದೇ ಗಾಡಿಯಲ್ಲಿ ಒಂದು ಮಣ್ಣಿನ ಗುಡಾಣ ನಮ್ಮ ಜೊತೆಗೇ ಬರುತ್ತಿತ್ತು.

ಪಾವಗಡ ಇನ್ನೂ ಅರ್ಧ ದಿನದ ದಾರಿ ಇರುವಾಗ, ಊರ ಹೊರಗಿನ ಒಂದು ಕೇರಿಯಲ್ಲಿ ನಿಂತೆವು. ಹೊಸದಾಗಿ ಸಭೆಗೆ ಸೇರಿದ ಕೆಲವೇ ಮನೆಯವರು. ಊರಿನ ಬಾವಿಯನ್ನು ಅವರು ಮುಟ್ಟುವಂತಿರಲಿಲ್ಲ, ತಗ್ಗಿನಲ್ಲಿ ನಿಂತ ಕುಂಟೆಯ ನೀರೇ ಗತಿ. ಅವರ ಕೈಯಿಂದ ಊರಿನವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಒಂದು ಮನೆಯ ಹೆಂಗಸು ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ನಿಂತಳು. ಆ ಮನೆಯಲ್ಲಿದ್ದ ಹಿತ್ತಾಳೆಯ ಸಾಮಾನು ಅದೊಂದೇ ಎಂದು ನೋಡಿದರೇ ತಿಳಿಯುತ್ತಿತ್ತು. ನಮ್ಮ ಹುಡುಗರು ಗಾಡಿಯ ಗುಡಾಣದ ಕಡೆ ನೋಡಿದರು. ಕೆಲವರು ಮೇಷ್ಟ್ರ ಅಪ್ಪಣೆ ನೆನೆದು, ಕೆಲವರು ಬೇರೆ ಕಾರಣಕ್ಕೆ. ಕೊರಳಿಗೆ ಶಿಲುಬೆ ಕಟ್ಟಿಕೊಂಡ ಮಾತ್ರಕ್ಕೆ ಹುಟ್ಟಿನ ಬಿಗುಮಾನ ಎಲ್ಲರನ್ನೂ ಬಿಟ್ಟುಹೋಗಿರಲಿಲ್ಲ.

ಆಕೆಯ ಮುಖ ಇಳಿದುಹೋಯಿತು. "ಬುಡಿ ಮೇಷ್ಟ್ರೇ, ನಮ್ ನೀರು ನಿಮಗಾಗಾಕಿಲ್ಲ" ಎಂದು ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮೇಷ್ಟ್ರು ಮಗಳ ಕಡೆ ತಿರುಗಿ, "ಕುಡಿಯಮ್ಮ" ಎಂದರು.

ಅವಳು ಚೊಂಬನ್ನು ಆಕೆಯ ಕೈಯಿಂದಲೇ ತೆಗೆದುಕೊಂಡಳು. ಎತ್ತಿ ಕುಡಿಯಲಿಲ್ಲ, ತುಟಿಯಿಟ್ಟು ಕುಡಿದಳು. "ಇನ್ನೊಂದು ಚೊಂಬು ಕೊಡಿ ಅಕ್ಕಾ, ಹಾಡಿ ಹಾಡಿ ಗಂಟಲು ಒಣಗಿದೆ" ಎಂದು ಕೇಳಿ ಪಡೆದು ಅದನ್ನೂ ಕುಡಿದಳು. ಆ ಕಡೆಯವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ಹೆಂಗಸು ಅವಳ ಗಲ್ಲ ಸವರಿ, "ನಾ ತಲ್ಲಿ, ನನ್ ತಾಯಿ" ಎಂದು ಅತ್ತೇಬಿಟ್ಟಳು. ಆಮೇಲೆ ನಾವೆಲ್ಲರೂ ಕುಡಿದೆವು, ಮೇಷ್ಟ್ರೂ ಕುಡಿದರು.

ಪಾವಗಡ ತಲುಪಿದ ಮಾರನೆಯ ದಿನ ಬೆಳಿಗ್ಗೆ ಅವಳಿಗೆ ವಾಂತಿಭೇದಿ ಶುರುವಾಯಿತು. ಸಂಜೆಯೊಳಗೆ ಮುಗಿಯಿತು. ನಮಗ್ಯಾರಿಗೂ ಏನೂ ಆಗಲಿಲ್ಲ. ಆ ನೀರೇ ಕಾರಣವೋ, ಶಿರಾದ ಕರಬೂಜವೋ, ದೇವರೊಬ್ಬನಿಗೇ ಗೊತ್ತು, ಅವನಂತೂ ಹೇಳಲಿಲ್ಲ.

ಪಾವಗಡದ ಕೋಟೆ ಬೆಟ್ಟದ ಕೆಳಗೆ, ಬಂಡೆಗಳ ನಡುವೆ ಸಿಕ್ಕ ಮಣ್ಣಿನಲ್ಲಿ ಅವಳಿಗೆ ಗುಂಡಿ ತೋಡಿದರು. ಮೇಷ್ಟ್ರು ಶ್ರುತಿಕಡ್ಡಿಯನ್ನು ಮಂಡಿಗೆ ಬಡಿದು ಹಲ್ಲಿಗೆ ಕಚ್ಚಿಕೊಂಡರು. ಮೊದಲನೇ ದನಿಗೆ ಸ್ವರ ಕೊಟ್ಟರು. ಎರಡನೇ ದನಿಗೂ ಕೊಟ್ಟರು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರು ಕಾದರು. ಕಾದು, ನನ್ನ ತೋಳು ಹಿಡಿದು ಮೊದಲನೇ ದನಿಯ ಹುಡುಗಿಯರ ಸಾಲಿನಲ್ಲಿ ನಿಲ್ಲಿಸಿದರು. "ಎರಡನೇ ದನಿ, ಮೇಷ್ಟ್ರೇ?" ಎಂದು ಯಾರೋ ಕೇಳಿದರು. "ಅದು ಖಾಲಿ ಇರ್ಲಿ" ಎಂದರು.

ಅಂದಿನಿಂದ ಅದು ಖಾಲಿಯೇ ಉಳಿಯಿತು. ತಂಡಕ್ಕೆ ಎಷ್ಟೋ ಹುಡುಗಿಯರು ಬಂದರು, ದಪ್ಪ ದನಿಯವರೂ ಬಂದರು. ಯಾರಿಗೂ ಅವರು ಅದನ್ನು ಕಲಿಸಲಿಲ್ಲ. ಪಾದ್ರಿಗಳು ಹೇಳಿ ಹೇಳಿ ಸೋತರು. ನಮ್ಮ ಹಾಡು ಒಂದು ಕಾಲು ಮುರಿದ ಮಂಚದಂತೆ ವರ್ಷಗಟ್ಟಲೆ ಹಾಗೇ ನಡೆಯಿತು.

ಆ ಸಲ ಪಾವಗಡದಿಂದ ಹಿಂತಿರುಗಲು ಆ ಕೇರಿಯ ದಾರಿ ಬಿಟ್ಟು ಬೇರೆ ಇರಲಿಲ್ಲ. ನೀರು ಕೊಟ್ಟಿದ್ದ ಆ ಹೆಂಗಸು ಗಾಡಿಯ ಸದ್ದು ಕೇಳಿ ರಸ್ತೆಗೇ ಓಡಿಬಂದಳು. ಎರಡೂ ಗಾಡಿಯಲ್ಲಿ ಇಣುಕಿದಳು. "ನನ್ ತಾಯಿ ಎಲ್ಲಿ ಮೇಷ್ಟ್ರೇ? ಕಾಣಾಕಿಲ್ವಲ್ಲ?"

ಸುಳ್ಳು ಹೇಳಿದವರಿಗೆ ಬೆತ್ತ ಮುರಿಯುವಂತೆ ಹೊಡೆಯುತ್ತಿದ್ದ ಮೇಷ್ಟ್ರು, ಮುಖದ ಒಂದು ನರವೂ ಅಲುಗದಂತೆ, "ಪಾವಗಡದಲ್ಲಿ ಅವಳ ಚಿಕ್ಕಮ್ಮ ಉಳಿಸ್ಕೊಂಡ್ರು ಕಣಮ್ಮ" ಎಂದರು. "ಅಂಗಾರೆ ಸರಿ ಬುಡಿ" ಎಂದು ಆಕೆ ಒಳಗೆ ಓಡಿ, ಹುರಿದ ಕಡಲೆಕಾಯಿಯನ್ನು ಮಡಿಲು ತುಂಬ ತಂದಳು. "ಅವ್ಳಿಗೇ ಕೊಡ್ಬೇಕು. ಈ ಐಕ್ಳು ದಾರೀಲೇ ಮುಗ್ಸಿಬುಟ್ಟಾವು" ಎಂದು ನಮ್ಮನ್ನು ಗದರಿದಳು. ಕೇರಿ ಮರೆಯಾದ ಮೇಲೆ ಮೇಷ್ಟ್ರು ನಮ್ಮ ಕಡೆ ತಿರುಗಿ ಹೇಳಿದ್ದು ಇಷ್ಟೆ: "ಆಕೆ ಹೊರಗಿನವರಿಗೆ ನೀರು ಕೊಟ್ಟಿದ್ದು ಜನ್ಮದಲ್ಲಿ ಮೊದಲ್ನೇ ಸಲ. ಆಕೆಗೆ ತಿಳೀಬಾರ್ದು." ಪಾವಗಡದ ಸಭೆ ನೋಡಿಕೊಳ್ಳುತ್ತಿದ್ದ ಉಪದೇಶಿಗೂ ಕೈಮುಗಿದು ಹಾಗೆಯೇ ಹೇಳಿ ಬಂದಿದ್ದರು. ಆ ಒಂದು ಮಾತನ್ನು ಎಲ್ಲರೂ ಉಳಿಸಿಕೊಂಡೆವು.

ಆಮೇಲೂ ಮೇಷ್ಟ್ರು ಪ್ರತಿ ಬೇಸಿಗೆ ತಂಡ ಕಟ್ಟಿಕೊಂಡು ಹೊರಡುತ್ತಿದ್ದರು. ಅದೇ ಶಾಲೆಯಲ್ಲಿ ಟೀಚರಾದ ಮೇಲೆ ಹುಡುಗಿಯರನ್ನು ನೋಡಿಕೊಳ್ಳಲು ನಾನೂ ಹೋಗುತ್ತಿದ್ದೆ. ದೇವರಲ್ಲಿ ಎಂಥ ವಿಶ್ವಾಸ ಎಂದು ಪಾದ್ರಿಗಳು ಭಾನುವಾರದ ಪ್ರಸಂಗದಲ್ಲಿ ಹೊಗಳಿದಾಗ ನನಗೆ ಮೈ ಉರಿಯುತ್ತಿತ್ತು. ವಿಶ್ವಾಸ ಎಲ್ಲಿ ಉಳಿದಿತ್ತು? ಹಾಡಿಸುತ್ತಿದ್ದರೇ ಹೊರತು, ಅವರು ಪ್ರಾರ್ಥನೆಗೆ ಬಾಯಿ ತೆರೆದದ್ದನ್ನು ನಾನು ಮತ್ತೆ ಕಾಣಲಿಲ್ಲ. ಪಾದ್ರಿಗಳು ಒತ್ತಾಯ ಮಾಡಿದರೆ, "ಕೇಳೋದು ಏನೂ ಉಳಿದಿಲ್ಲ ಅಯ್ಯನವರೇ" ಎನ್ನುವರು. ಅವರು ಹೋಗುತ್ತಿದ್ದದ್ದು ಆ ಮನೆಯ ನೀರು ಕುಡಿಯಲು. ಮಕ್ಕಳಿಗೆ ಗಾಡಿಯ ನೀರನ್ನು ಮೊದಲೇ ಹೊಟ್ಟೆ ತುಂಬ ಕುಡಿಸಿ, ಆ ಚೊಂಬನ್ನು ತಾವೊಬ್ಬರೇ ತುಟಿಯಿಟ್ಟು ಖಾಲಿ ಮಾಡಿ, ಮತ್ತೊಂದು ಕೇಳುತ್ತಿದ್ದರು. ಒಂದು ವರ್ಷ ದಾರಿಯಲ್ಲಿ, ನನಗಷ್ಟೇ ಕೇಳುವಂತೆ, "ನೋಡಮ್ಮ, ನನಗೆ ಏನೂ ಆಗೋದೇ ಇಲ್ಲ" ಎಂದರು. ಅಂಥ ಹತಾಶೆಯ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಆ ಹೆಂಗಸು ಪ್ರತಿ ಸಲವೂ ಕೇಳುವಳು. "ನನ್ ತಾಯಿ ಹೆಂಗವ್ಳೆ?"

"ಚೆನ್ನಾಗವ್ಳೆ ಕಣಮ್ಮ."

ಕೆಲವು ವರ್ಷ ಕಳೆದ ಮೇಲೆ, "ಮದ್ವೆ ಗಿದ್ವೆ?" ಎಂದಳು.

"ಆಯ್ತು. ದೂರ ಕೊಟ್ವಿ."

"ಮಕ್ಳು?"

ಅಲ್ಲಿ ಮಾತ್ರ ಮೇಷ್ಟ್ರ ದನಿ ತಡವರಿಸಿತು. "ಒಂದು ಹೆಣ್ಣು" ಎಂದರು. ಮರುವರ್ಷ ಹೋಗುವಷ್ಟರಲ್ಲಿ ಆಕೆ ಹಳೇ ಸೀರೆಯಲ್ಲಿ ಕೂಸಿಗೊಂದು ಕುಲಾವಿ ಹೊಲಿದಿಟ್ಟಿದ್ದಳು. ಮೇಷ್ಟ್ರು ಅದನ್ನು ಕಣ್ಣಿಗೊತ್ತಿಕೊಂಡು, ಕೋಟಿನ ಜೇಬಿನಲ್ಲಿ ಶ್ರುತಿಕಡ್ಡಿಯ ಪಕ್ಕ ಇಟ್ಟುಕೊಂಡರು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಆ ಸವೆದ ಹಲ್ಲು ಬಿದ್ದುಹೋಗಿತ್ತು. ಕಡ್ಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುತ್ತ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದಾಗ ನನ್ನನ್ನು ಹತ್ತಿರ ಕರೆದರು. "ಎರಡನೇ ದನಿ ನನಗೆ ಮರೆತುಹೋಗಿದೆ ಕಣಮ್ಮ. ಮೂರೂ ಕೇಳ್ಸುತ್ತೆ, ಅದೊಂದು ಕೇಳ್ಸಲ್ಲ. ನೀನು ಅವಳ ಪಕ್ಕ ನಿಂತಿದ್ದೋಳು. ಒಂದ್ಸಲ ಹಾಡು."

ಕಡ್ಡಿಯನ್ನು ಮಂಚದ ಕಾಲಿಗೆ ಬಡಿದು ಸ್ವರ ಕೊಟ್ಟರು. ನಾನು ಶುರುಮಾಡಿದೆ. "ಬಾಯಾರಿದವರೆಲ್ಲ" ಎನ್ನುವವರೆಗೆ ಸರಿಯಾಗಿಯೇ ಹೋಯಿತು. ಅವರ ಮುಖ ಅರಳಿತು. "ಬನ್ನಿರೋ" ಎನ್ನುವಲ್ಲಿ ನನ್ನ ದನಿ ನನಗೇ ತಿಳಿಯದಂತೆ ಜಾರಿ ಮೊದಲನೇ ದನಿಗೆ ಸೇರಿಕೊಂಡಿತು. ಇಷ್ಟು ವರ್ಷ ಹಾಡಿದ್ದು ಅದನ್ನೇ ತಾನೆ. ಮತ್ತೆ ಶುರುಮಾಡಿದೆ, ಮತ್ತೆ ಅಲ್ಲೇ ಜಾರಿದೆ. ಕಣ್ಣು ಮುಚ್ಚಿ ಅವಳ ಎಮ್ಮೆ ದನಿಯನ್ನು ಹುಡುಕಿದೆ. ಅವಳ ನಗು ಸಿಕ್ಕಿತು, ಆ ಸೊಟ್ಟ ಜಡೆ ಸಿಕ್ಕಿತು, ಸ್ವರ ಸಿಗಲಿಲ್ಲ.

ತರಗತಿಯಲ್ಲಿ ನಿಲ್ಲಿಸುತ್ತಿದ್ದ ಹಾಗೆಯೇ ಮೇಷ್ಟ್ರು ಕೈಯೆತ್ತಿದರು. "ಬಿಡಮ್ಮ. ಅದು ಎಲ್ರೂ ಹಾಡೋದು." ಗೋಡೆಯ ಕಡೆ ಮಗ್ಗುಲಾದರು. ಅವಳ ಜಾಗವನ್ನು ಯಾರೂ ತುಳಿಯಬಾರದೆಂದು ಕಾದವರು ಅವರೇ; ಕಾದೂ ಕಾದೂ ಆ ಜಾಗವೇ ಅಳಿಸಿಹೋಗಿತ್ತು. ಅದನ್ನು ನಾನು ಅವರಿಗೆ ಹೇಳಬೇಕಾಗಿರಲಿಲ್ಲ.

ಆ ವಾರವೇ ತೀರಿಕೊಂಡರು. ಪಾವಗಡಕ್ಕೆ ಒಯ್ಯಲಾಗಲಿಲ್ಲ, ಮಧುಗಿರಿಯಲ್ಲೇ ಮಣ್ಣು ಮಾಡಿದೆವು. ಕುಲಾವಿಯನ್ನು ಅವರ ಕೈಯಲ್ಲಿಟ್ಟೆ. ಶ್ರುತಿಕಡ್ಡಿ ನನ್ನ ಬಳಿ ಉಳಿಯಿತು. ತಂದೆ ಮಗಳು ಮತ್ತೆ ಕೂಡುತ್ತಾರೆ ಎಂದು ಪಾದ್ರಿಗಳು ಸಮಾಧಿಯ ಬಳಿ ಹೇಳಿದರು. ನಂಬಬೇಕೆಂದು ನನಗೂ ಆಸೆ. ಆಗ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಮುಂದಿನ ಬೇಸಿಗೆ ತಂಡವನ್ನು ನಾನೇ ಕರೆದುಕೊಂಡು ಹೋದೆ. ಆ ಹೆಂಗಸಿನ ತಲೆ ಅಷ್ಟೊತ್ತಿಗೆ ಅರ್ಧ ನರೆತಿತ್ತು. ಗಾಡಿಯಿಂದ ಒಬ್ಬೊಬ್ಬರೇ ಇಳಿಯುವುದನ್ನು ನೋಡುತ್ತ ನಿಂತಿದ್ದಳು.

"ಮೇಷ್ಟ್ರು ಎಲ್ಲಿ ಟೀಚರಮ್ಮ? ಬರ್ನಿಲ್ವಾ?"

ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಗೆ ಬಾಯಿ ತಾನಾಗಿ ಹೇಳಿತು. "ಮಗಳ ಮನೆಗೆ ಹೋದ್ರು ಕಣಮ್ಮ. ಇನ್ನು ಅಲ್ಲೇ ಇರ್ತಾರೆ."

"ಒಳ್ಳೇದಾಯ್ತು ಬುಡು. ವಯಸ್ಸಾಗಿತ್ತು, ಮಗ್ಳು ನೋಡ್ಕಂತಾಳೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಒಳಗೆ ಹೋಗಿ ಅದೇ ಹಿತ್ತಾಳೆ ಚೊಂಬಿನಲ್ಲಿ ನೀರು ತಂದಳು. ನಾನು ತುಟಿಯಿಟ್ಟು ಕುಡಿದು, ಇನ್ನೊಂದು ಚೊಂಬು ಕೇಳಿದೆ.